ಜಗಳಕ್ಕೊಬ್ಬ ಜೊತೆಗಾತಿ

ಎಲ್ಡನ್ ಹಾರ್ಮ್ಸ್ ಅವರಿಗೆ ಈಗ ಎಂಬತ್ತರ ಹತ್ತಿರ. ನೆಬ್ರಾಸ್ಕಾದ ಕಾರ್ವರ್ ಎಂಬ ನಮ್ಮ ಪುಟ್ಟ ಊರಿನ ಸರ್ಕಾರಿ ಕಾಲೇಜಿನಲ್ಲಿ ಅವರು ಬದುಕಿನ ಬಹುಪಾಲು ಚರಿತ್ರೆ ಕಲಿಸಿದರು. ನಾನು ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಭೂಗೋಳದ ಮೇಷ್ಟ್ರು. ನಡುವಿನ ಗೋಡೆ ತೀರಾ ತೆಳ್ಳಗಿತ್ತು. ಎಲ್ಡನ್ ಮತ್ತು ರೋಡಾ ಪಿನ್ಸ್ಕರ್ ಅವರ ಜಗಳಗಳನ್ನು ನಾನು ಕೇಳಿಸಿಕೊಂಡಷ್ಟು ಬೇರೆ ಯಾರೂ ಕೇಳಿಸಿಕೊಂಡಿಲ್ಲ.

ಎಲ್ಡನ್ ಮೆಕ್ಕೆಜೋಳ ಬೆಳೆಯುವ ಮನೆತನದವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆಯಿರಬೇಕು, ಮನುಷ್ಯ ತನ್ನ ಭಾರ ತಾನೇ ಹೊರಬೇಕು ಎಂದು ನಂಬಿದವರು. ವೋಟು ಹಾಕುವ ವಯಸ್ಸು ಬಂದಾಗಿನಿಂದ ರಿಪಬ್ಲಿಕನ್ ಪಕ್ಷ ಬಿಟ್ಟು ಬೇರೆಯದಕ್ಕೆ ಹಾಕಿದವರಲ್ಲ. ಊರಿನಲ್ಲಿ ಇದು ಹೇಳಬೇಕಾದ ಸಂಗತಿಯೇ ಅಲ್ಲ, ಎಲ್ಲರೂ ಹಾಗೆಯೇ. ಆದರೆ ಕಾಲೇಜಿನ ಗೇಟು ದಾಟಿದರೆ ಅವರು ಒಂಟಿ. ಅಧ್ಯಾಪಕರ ಕೋಣೆಯಲ್ಲಿ ಕಾಫಿ ಕುಡಿಯುತ್ತ ಯಾರಾದರೂ ಆ ಪಕ್ಷದವರನ್ನು ಆಡಿಕೊಂಡರೆ ಎಲ್ಲರೂ ನಗುತ್ತಿದ್ದೆವು. ಎಲ್ಡನ್ ಅಲ್ಲೇ ಇದ್ದಾರೆ ಅನ್ನುವುದು ಯಾರಿಗೂ ನೆನಪಿರುತ್ತಿರಲಿಲ್ಲ. ಅವರು ಮಾತಾಡದೆ ತಮ್ಮ ಕಪ್ಪು ತೊಳೆದಿಟ್ಟು ಹೊರಟುಬಿಡುತ್ತಿದ್ದರು.

ರೋಡಾ ನ್ಯೂಯಾರ್ಕಿನವರು. ಅಪ್ಪ ಬಟ್ಟೆ ಕಾರ್ಖಾನೆಯ ದರ್ಜಿ, ಯೂನಿಯನ್ನಿನ ಮುಂದಾಳು. ಊಟದ ಮೇಜಿನಲ್ಲಿ ಸಾರಿನ ಜೊತೆಗೆ ಸಮಾಜವಾದವನ್ನೂ ಬಡಿಸಿಕೊಂಡು ಬೆಳೆದ ಹೆಂಗಸು. ಸಮಾಜಶಾಸ್ತ್ರ ಕಲಿಸಲು ನಮ್ಮಲ್ಲಿಗೆ ಬಂದ ಮೊದಲ ವಾರವೇ ಆ ಕಾಫಿ ಕೋಣೆಯ ನಗುವನ್ನೂ ಎಲ್ಡನ್ ಕಪ್ಪು ತೊಳೆದದ್ದನ್ನೂ ಕಂಡರು. ಕಂಡವರೇ ಕಾರಿಡಾರಿನಲ್ಲಿ ಅವರ ಹಿಂದೆ ಓಡಿದರು.

"ರೀ, ಒಂದ್ನಿಮಿಷ ನಿಲ್ಲಿ. ನೀವು ಆ ಪಕ್ಷದವ್ರಾ?"

"ಹೌದು."

"ಮತ್ಯಾಕೆ ಬಾಯಿ ಮುಚ್ಕೊಂಡು ಬಂದ್ರಿ? ಅಲ್ಲೇ ಜಗಳ ಆಡ್ಬೇಕಿತ್ತು."

"ನಮ್ಮ ಕಡೆ ಹಾಗೆಲ್ಲ ಜಗಳ ಆಡಲ್ಲ."

"ನಮ್ಮ ಕಡೆ ಪ್ರೀತಿ ಇರೋರ ಹತ್ರಾನೇ ಜಗಳ ಆಡೋದು. ಬನ್ನಿ, ಏನಾದ್ರೂ ತಿನ್ನೋಣ. ನಿಮ್ಮ ತಲೇಲಿ ಏನೇನಿದೆ ನೋಡ್ಬೇಕು ನಾನು."

ಕಾಲೇಜಿನ ಎದುರಿನ ಹೋಟೆಲಿನಲ್ಲಿ ಎಲ್ಡನ್ ಎಂದಿನಂತೆ ಹುರುಳಿಕಾಯಿ ಬೀಜ ಮತ್ತು ಮಾಂಸದ ಖಾರದ ಚಿಲಿ ತರಿಸಿದರು, ಪಕ್ಕಕ್ಕೆ ದಾಲ್ಚಿನ್ನಿಯ ಸಿಹಿ ಬನ್ನು. ನಮ್ಮ ಕಡೆ ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರೂ ತಿನ್ನುವುದು ಹಾಗೆಯೇ. ರೋಡಾ ತಟ್ಟೆಯನ್ನೇ ದಿಟ್ಟಿಸಿದರು. "ಖಾರಕ್ಕೆ ಸಿಹಿ ಬನ್ನಾ? ಇಂಥದ್ದು ತಿನ್ನೋರು ಯಾರಿಗೆ ವೋಟು ಹಾಕಿದ್ರೂ ನಂಗೇನೂ ಆಶ್ಚರ್ಯ ಇಲ್ಲ." ಎಲ್ಡನ್ ಅಷ್ಟು ಜೋರಾಗಿ ನಕ್ಕದ್ದನ್ನು ಹೋಟೆಲಿನವರು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಒಂದೆರಡು ವರ್ಷದಲ್ಲಿ ಇಬ್ಬರೂ ಸೇರಿ ಒಂದು ತರಗತಿ ಶುರುಮಾಡಿದರು. ವಾರಕ್ಕೊಂದು ವಿಷಯ: ತೆರಿಗೆ, ಬಂದೂಕು, ಮರಣದಂಡನೆ, ಯುದ್ಧ. ನಿಯಮ ಒಂದೇ. ಎದುರಿನವರ ವಾದವನ್ನು ಮೊದಲು ನೀವೇ ಹೇಳಬೇಕು. "ಹೌದು, ನಾನು ಹೇಳೋದು ಇದನ್ನೇ" ಎಂದು ಅವರು ಒಪ್ಪಿದ ಮೇಲೆ ನಿಮ್ಮ ಮಾತು. ಎಡದವರು, ಬಲದವರು, ಎರಡೂ ಗೊತ್ತಿಲ್ಲದವರು, ಎಲ್ಲ ವಿದ್ಯಾರ್ಥಿಗಳೂ ಆ ತರಗತಿಗೆ ಮುಗಿಬೀಳುತ್ತಿದ್ದರು. ಒಮ್ಮೆ ಯೂನಿಯನ್ನುಗಳ ವಿಷಯ ಬಂತು. ರೋಡಾ ಅವರ ಅಪ್ಪ ಚಳಿಗಾಲದಲ್ಲಿ ಮುಷ್ಕರ ಹೂಡಿ ಕಾರ್ಖಾನೆಯ ಮುಂದೆ ನಿಂತ ಕಥೆಯನ್ನು ಎಲ್ಡನ್ ಎಷ್ಟು ಚೆನ್ನಾಗಿ ಹೇಳಿದರೆಂದರೆ ರೋಡಾ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ಹೇಳಿದ ಮೇಲೂ ನೀನು ಬದಲಾಗಲ್ವಲ್ಲ ಮಾರಾಯ," ಎಂದು ಅವರು ಆಮೇಲೆ ರೇಗಿದ್ದು ಗೋಡೆಯಾಚೆ ನನಗೆ ಕೇಳಿಸಿತು.

"ನಿಮ್ಮಪ್ಪ ಒಳ್ಳೇ ಮನುಷ್ಯ ಕಣೆ. ಯೂನಿಯನ್ ಬೇರೆ ವಿಷಯ."

ಎಲ್ಡನ್ ಅವರ ಹೆಂಡತಿ ಆರ್ಲಿಸ್ ಕ್ಯಾನ್ಸರಿನಿಂದ ತೀರಿಕೊಂಡರು. ನಾವೆಲ್ಲ ಊಟದ ಪಾತ್ರೆಗಳನ್ನು ಬಾಗಿಲಲ್ಲಿ ಕೊಟ್ಟು, ತಗ್ಗಿದ ದನಿಯಲ್ಲಿ ಎರಡು ಮಾತಾಡಿ ಬಂದೆವು. ರೋಡಾ ಒಳಗೆ ಹೋಗಿ ಕೂತರು. ದಿನಾ ಹೋಗಿ ಕೂರುತ್ತಿದ್ದರು. ಎಲ್ಡನ್ ಕಲ್ಲಿನಂತೆ ಇದ್ದರು, ಊಟವಿಲ್ಲ, ಕಣ್ಣೀರಿಲ್ಲ. ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ರೋಡಾ ಇದ್ದಕ್ಕಿದ್ದಂತೆ, "ಅಲ್ಲ ಎಲ್ಡನ್, ಸತ್ತವರ ಆಸ್ತಿ ಮೇಲೆ ಸರ್ಕಾರ ಅರ್ಧ ತೆರಿಗೆ ಹಾಕಿದ್ರೆ ತಪ್ಪೇನು?" ಎಂದರು. ಎಲ್ಡನ್ ಮುಖ ಕೆಂಪೇರಿತು. "ನಮ್ಮಪ್ಪ ಬೆವರು ಸುರಿಸಿದ ನೆಲ ಅದು, ನಿಮ್ಮ ಸರ್ಕಾರ ಬಂದು ಉತ್ತಿತ್ತಾ?" ಎಂದು ಕೂಗಿದರು. ರೋಡಾ ಇನ್ನೊಂದು ಮಾತು ಸೇರಿಸಿದರು. ಇವರು ಇನ್ನೂ ಕೂಗಿದರು. ಕೂಗುತ್ತ ಕೂಗುತ್ತ ದನಿ ಒಡೆದು ಅಳು ಬಂತು. ಅಂದು ರೋಡಾ ಬಡಿಸಿದ ಸಾರನ್ನು ಅವರು ಕುಡಿದರು.

ಆಮೇಲೆ ದೇಶದ ಗಾಳಿ ಬದಲಾಯಿತು. ಮೊದಲು ಚುನಾವಣೆ ಮುಗಿದರೆ ಜಗಳವೂ ಮುಗಿಯುತ್ತಿತ್ತು, ಈಗ ಮುಗಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಎಲ್ಡನ್ ಕಡೆಯ ವಿಚಾರದ ಕೆಲವೇ ಹುಡುಗರ ಒಂದು ಸಂಘವಿತ್ತು, ಅದಕ್ಕೆ ಎಲ್ಡನ್ ಸಲಹೆಗಾರರು. ವಲಸಿಗರ ವಿರುದ್ಧ ಊರೂರು ತಿರುಗಿ ಭಾಷಣ ಮಾಡುವ ಒಬ್ಬನನ್ನು ಆ ಹುಡುಗರು ಕರೆಸಲು ಹೊರಟರು. ಸಭಾಂಗಣ ಕೊಡಿಸಿದ್ದು ಎಲ್ಡನ್. ವಿದ್ಯಾರ್ಥಿಗಳು ಮೆರವಣಿಗೆ ತೆಗೆದರು. ಅಧ್ಯಾಪಕರು ಆ ಭಾಷಣದ ವಿರುದ್ಧ ಒಂದು ಹೇಳಿಕೆ ಬರೆದರು, ಸಹಿಗಳು ಬೀಳತೊಡಗಿದವು. ನಾನು ಹಾಕಲಿಲ್ಲ. ಧೈರ್ಯದಿಂದಲ್ಲ, ಆ ವಾರ ಜ್ವರವೆಂದು ಮನೆಯಲ್ಲಿ ಮಲಗಿದ್ದೆ. ಕೆಲಸಕ್ಕೆ ಮರಳಿದ ದಿನ ರೋಡಾ ಪಕ್ಕದ ಕೋಣೆಗೆ ಬಂದದ್ದು ಕೇಳಿಸಿತು.

"ಸಹಿ ಹಾಕಿದೀನಿ. ಬೇರೆಯವ್ರಿಂದ ನಿಂಗೆ ಗೊತ್ತಾಗೋದು ಬೇಡ ಅಂತ ಬಂದೆ."

"ಅವನ ಮಾತು ನಂಗೂ ಪೂರ್ತಿ ಹಿಡಿಸಲ್ಲ ರೋಡಾ. ಆದ್ರೆ ಕರೆದಿದ್ದು ನನ್ನ ಹುಡುಗ್ರು. ಈ ಕಾಲೇಜಲ್ಲಿ ಅವ್ರಿಗೆ ಇನ್ಯಾರಿದಾರೆ?"

"ನನ್ನ ತರಗತಿಯ ಯೆಸೆನಿಯಾಗೆ ಯಾರಿದಾರೆ? ವಲಸೆ ಬಂದ ಅವಳಮ್ಮ ಮಾಂಸದ ಕಾರ್ಖಾನೇಲಿ ಕೈ ಸವೆಸ್ಕೊಂಡು ಇವಳನ್ನ ಓದಿಸ್ತಿದಾಳೆ. ನನ್ನ ಕೋಣೇಲಿ ಕೂತು ಅತ್ತಳು ಹುಡುಗಿ."

"ಬರಲಿ. ಎದ್ದು ನಿಂತು ಅವನ್ನ ಪ್ರಶ್ನೆ ಕೇಳ್ಲಿ. ನಾನೇ ಅವಳಿಗೆ ಮೈಕು ಕೊಡಿಸ್ತೀನಿ. ನಾವಿಬ್ರೂ ಇಷ್ಟು ವರ್ಷ ಕಲಿಸಿದ್ದು ಅದನ್ನೇ ಅಲ್ವಾ?"

"ತೆರಿಗೆ ಬಗ್ಗೆ ಎದ್ದು ನಿಂತು ವಾದ ಮಾಡ್ಬಹುದು ಎಲ್ಡನ್. ನಮ್ಮಮ್ಮ ಈ ದೇಶದಲ್ಲಿ ಇರ್ಬಹುದೋ ಬೇಡ್ವೋ ಅಂತ ಒಂದು ಹುಡುಗಿ ಊರೆದುರಿಗೆ ವಾದ ಮಾಡ್ಬೇಕಾ?"

ಎಲ್ಡನ್ ಮೆಲ್ಲಗೆ ಕೇಳಿದರು: "ಆ ಹೇಳಿಕೇಲಿ, ಇಂಥವರನ್ನ ಕರೆಯೋರಿಗೂ ಇಲ್ಲಿ ಜಾಗ ಇಲ್ಲ ಅಂತ ಒಂದು ಸಾಲಿದೆ. ಅದನ್ನ ಓದಿದ್ಯಾ?"

"ಓದಿದೆ."

"ಸರಿ. ಆಯ್ತು ಹಾಗಾದ್ರೆ."

ಅವರಿಬ್ಬರ ನಡುವೆ ಅಷ್ಟು ಚಿಕ್ಕ ಜಗಳ ಅದಕ್ಕೆ ಮುಂಚೆ ಆಗಿರಲಿಲ್ಲ. ಭಾಷಣ ರದ್ದಾಯಿತು. ಮರುವರ್ಷ ಆ ತರಗತಿಯೂ ನಡೆಯಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಚಳಿಯ ಬಗ್ಗೆ ಒಂದು ಮಾತಾಡಿ ಸರಿದುಹೋಗುತ್ತಿದ್ದರು. ರೋಡಾ ನಿವೃತ್ತಿಯಾಗಿ ನ್ಯೂಜೆರ್ಸಿಯಲ್ಲಿದ್ದ ತಂಗಿಯ ಮನೆಗೆ ಹೊರಟಾಗ ಬೀಳ್ಕೊಡುಗೆಗೆ ಎಲ್ಡನ್ ಬಂದರು. ಹಿಂದಿನ ಗೋಡೆಗೆ ಒರಗಿ ನಿಂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಯಾರ ಜೊತೆಯೂ ಮಾತಾಡದೆ ಹೋದರು. ಆ ವರ್ಷ ಮುಗಿಯುವುದರೊಳಗೆ ಅವರೂ ಕೆಲಸ ಬಿಟ್ಟರು.

ಆಮೇಲಿನ ವರ್ಷಗಳಲ್ಲಿ ಅವರನ್ನು ಹೆಚ್ಚಾಗಿ ನೋಡಿಕೊಂಡವನು ನಾನೇ. ಧಾನ್ಯದ ಸೊಸೈಟಿಯಲ್ಲಿ ಬೆಳಗ್ಗೆ ಊರ ಗಂಡಸರು ಕಾಫಿಗೆ ಸೇರುತ್ತಾರೆ. ಅಲ್ಲಿಗೆ ಹೋಗಿ ಎಂದು ನಾನು ಒತ್ತಾಯ ಮಾಡಿದೆ. ಕೆಲವು ದಿನ ಹೋದರು, ಬಿಟ್ಟರು.

"ಯಾಕೆ? ಎಲ್ಲ ನಿಮ್ಮ ಕಡೆಯವ್ರೇ ಅಲ್ವಾ?" ಎಂದೆ.

"ಅದೇ ಕಷ್ಟ ಕಣಯ್ಯ. ನಾನು ಬಾಯಿ ತೆಗೆಯೋಕೆ ಮುಂಚೇನೇ ಹೌದು ಹೌದು ಅಂತಾರೆ. ಮೊನ್ನೆ ಒಬ್ಬ ಕಾಲೇಜು ಸುಟ್ಟುಹಾಕ್ಬೇಕು ಅಂದ. ಅಲ್ಲಪ್ಪ, ಒಂಚೂರು ಯೋಚನೆ ಮಾಡು ಅಂದೆ. ನಿಮಗೂ ಅವರ ಗಾಳಿ ತಗುಲಿದೆ ಅಂದುಬಿಟ್ಟ."

ಅವರ ಮನೆಗೆ ಎರಡು ಪತ್ರಿಕೆ ಬರುತ್ತಿದ್ದವು. ಒಂದು ಅವರದು. ಇನ್ನೊಂದು ರೋಡಾ ಓದುತ್ತಿದ್ದ ನ್ಯೂಯಾರ್ಕಿನ ಪತ್ರಿಕೆ, ಅಂಚೆಯಲ್ಲಿ ತಡವಾಗಿ ತಲುಪುವಂಥದ್ದು. ಅಡುಗೆಮನೆಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುತ್ತ, "ಏನು ಅಸಂಬದ್ಧ ಇದು" ಎಂದು ಯಾರಿಗೋ ಹೇಳಿದಂತೆ ಹೇಳುವರು. ಹೇಳಿ ಸ್ವಲ್ಪ ಕಾಯುವರು. ನಾನು ಏನಾದರೂ ಎದುರಾಡಲು ನೋಡುತ್ತಿದ್ದೆ, ನನ್ನ ಕೈಲಿ ಆಗುತ್ತಿರಲಿಲ್ಲ. ಅವರು ಮರ್ಯಾದೆಗೆ ಕೇಳಿಸಿಕೊಂಡು ಪುಟ ತಿರುವುತ್ತಿದ್ದರು.

ಹೀಗಿರುವಾಗ ನಮ್ಮ ಭಾಗದ ಶಾಸಕ ಡ್ವೇನ್ ವೊಬೊರಿಲ್ ಎಂಬಾತ ಎಲ್ಡನ್ ಮನೆಗೆ ಬಂದ. ಕಾಲೇಜುಗಳಲ್ಲಿ ಒಂದೇ ಕಡೆಯ ವಿಚಾರ ತುಂಬಿದೆ, ಅಧ್ಯಾಪಕರು ತರಗತಿಯಲ್ಲಿ ಏನು ಹೇಳುತ್ತಾರೆಂದು ಸರ್ಕಾರ ವಿಚಾರಿಸುವಂತಾಗಬೇಕು ಎಂದು ಅವನೊಂದು ಮಸೂದೆ ತಂದಿದ್ದ. "ಪ್ರೊಫೆಸರ್, ನಿಮಗೆ ಮಾಡಿದ ಅವಮಾನ ಊರಿಗೆಲ್ಲ ಗೊತ್ತು. ಬಂದು ಸಭೇಲಿ ಹೇಳಿ. ನಿಮ್ಮ ಮಾತಿಗೆ ತೂಕ ಇದೆ," ಎಂದ. ಎಲ್ಡನ್ ಯೋಚಿಸಿ ಒಪ್ಪಿಕೊಂಡರು. ರಾಜ್ಯದ ರಾಜಧಾನಿ ಲಿಂಕನ್ನಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ಕೊಯ್ಲಾದ ಹೊಲಗಳನ್ನೇ ನೋಡುತ್ತಿದ್ದರು.

ಮಸೂದೆಯನ್ನು ವಿಚಾರಿಸುತ್ತಿದ್ದ ಶಾಸಕರ ಸಮಿತಿಯ ಎದುರು ಕೂತು ಅವರು ಹೇಳಿದ್ದು ಇಷ್ಟು: "ಕಾಲೇಜಲ್ಲಿ ನನ್ನಂಥವ್ರು ಕಮ್ಮಿ, ಅದು ನಿಜ. ಅದು ಸರಿ ಅಲ್ಲ. ನಮ್ಮನ್ನ ನೋಡಿ ನಕ್ಕಿದಾರೆ, ನಂಗೆ ನೋವಾಗಿದೆ. ಆದ್ರೆ ನನ್ನನ್ನ ನಿಲ್ಲಿಸಿ, ನೀನು ಏನು ನಂಬ್ತೀಯ ಹೇಳು ಅಂತ ಕೇಳಿದವಳು ಒಬ್ಬ ಎಡಪಂಥದ ಹೆಂಗಸು. ಅವಳನ್ನ ಯಾವ ಕಾನೂನೂ ಕಳಿಸಿರಲಿಲ್ಲ. ನಾಳೆ ಸರ್ಕಾರದವ್ರು ಬಾಗಿಲಲ್ಲಿ ಕೂತು ಬರ್ಕೊಳ್ತಿದ್ರೆ, ಅಂಥವಳು ಯಾರೂ ಬಾಯಿ ಬಿಡಲ್ಲ. ನಾನೂ ಬಿಡಲ್ಲ. ಕೊನೆಗೆ ಅವಳೂ ನನ್ನ ವಿರುದ್ಧ ಸಹಿ ಹಾಕಿದ್ಲು. ಯಾಕೆ ಹಾಕಿದ್ಲು ಅಂದ್ರೆ, ಅವಳ ಮುಂದೆ ಒಂದು ಹುಡುಗಿ ಅಳ್ತಾ ಇದ್ಲು. ಆ ಹುಡುಗಿ ನನ್ನ ಹತ್ರ ಬಂದು ಅತ್ತಿದ್ರೆ ನಾನು ಏನು ಮಾಡ್ತಿದ್ದೆ, ಗೊತ್ತಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ವೊಬೊರಿಲ್ ಹೊರಗೆ ಸಿಕ್ಕಾಗ ಕೈ ಕುಲುಕಲಿಲ್ಲ. ಕಾಲೇಜಿನ ಕಡೆಯವರಿಗೂ ಮಾತು ರುಚಿಸಲಿಲ್ಲ. ನಮ್ಮನ್ನು ನೋಡಿ ನಕ್ಕರು ಅಂದದ್ದೇ ಅವರಿಗೆ ಉಳಿಯಿತು. ಮಸೂದೆ ಆ ವರ್ಷ ಸಮಿತಿ ದಾಟಲಿಲ್ಲ. ಅದಕ್ಕೆ ಎಲ್ಡನ್ ಕಾರಣರಲ್ಲ, ಅದರ ಲೆಕ್ಕಾಚಾರವೇ ಬೇರೆ ಇತ್ತು.

ಆ ಮಾತಿನ ವಿಡಿಯೊ ಯಾರ ಮೂಲಕವೋ ನ್ಯೂಜೆರ್ಸಿ ಮುಟ್ಟಿತು. ಒಂದು ಭಾನುವಾರ ನಾನು ಎಲ್ಡನ್ ಮನೆಯಲ್ಲಿದ್ದಾಗ ಫೋನು ಬಂತು. ಎತ್ತಿದ ಕೂಡಲೇ ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಸಭೇಲಿ ನನ್ನ ಪರವಾಗಿ ಮಾತಾಡು ಅಂತ ನಿಂಗೆ ಯಾರೋ ಹೇಳಿದ್ದು? ನನ್ನ ವಾದದಲ್ಲಿ ಅರ್ಧ ನುಂಗಿಬಿಟ್ಟಿದೀಯ."

ಎಲ್ಡನ್ ನಿಂತಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಉಳಿದರ್ಧ ಹೇಳು ಮತ್ತೆ," ಎಂದರು. ನಾನು ಎದ್ದು ಹೊರಗೆ ಬಂದೆ.

ಅಲ್ಲಿಂದ ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಫೋನು. ತೆರಿಗೆ, ಗಡಿ, ಗೋಧಿಯ ಬೆಲೆ, ಯಾರ ಮಂಡಿ ಹೆಚ್ಚು ನೋಯುತ್ತದೆ, ಎಲ್ಲಕ್ಕೂ ಜಗಳ. ಎಲ್ಡನ್ ಮತ್ತೆ ಶರ್ಟಿಗೆ ಇಸ್ತ್ರಿ ಹಾಕಿಸಿಕೊಳ್ಳತೊಡಗಿದರು. ಆದರೆ ಆ ಹೇಳಿಕೆಯ ಸಾಲಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಒಮ್ಮೆ ಎಲ್ಡನ್ ಎತ್ತಿದರಂತೆ. ರೋಡಾ, "ಅದು ಫೋನಲ್ಲಿ ಆಡೋ ಜಗಳ ಅಲ್ಲ. ಮುಖ ನೋಡ್ಕೊಂಡು ಆಡ್ಬೇಕು. ಬಾ ಇಲ್ಲಿಗೆ," ಎಂದರಂತೆ. ಬೇಸಿಗೆಗೆ ಬರುತ್ತೇನೆಂದು ಇವರು ಒಪ್ಪಿಕೊಂಡರು. ಆ ಚಳಿಗಾಲವೆಲ್ಲ ಅವರು ನನ್ನ ಜೊತೆ ಅದೇ ಮಾತಾಡಿದರು: ಮೊದಲು ಏನು ಹೇಳಬೇಕು, ಅವಳು ಏನನ್ನಬಹುದು, ಎಲ್ಲಿ ತಾವು ಸೋಲೊಪ್ಪಬೇಕು, ಎಲ್ಲಿ ಒಪ್ಪಬಾರದು.

ಏಪ್ರಿಲಿನಲ್ಲಿ ತಂಗಿಯ ಫೋನು ಬಂತು. ಬೆಳಗಿನ ಚಹಾ ಕುಡಿಯುತ್ತಿದ್ದಾಗಲೇ ರೋಡಾ ಅವರ ಹೃದಯ ನಿಂತಿತ್ತು.

ಎಲ್ಡನ್ ವಿಮಾನ ಬೇಡವೆಂದರು, ಯಾರೂ ಜೊತೆಗೆ ಬೇಡವೆಂದರು. ಆ ವಯಸ್ಸಿನಲ್ಲಿ ತಾವೇ ಕಾರು ಓಡಿಸಿಕೊಂಡು ಹೋದರು. ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಂಗಿ ಅವರನ್ನು ಮನೆಗೆ ಕರೆದೊಯ್ದು ಬ್ರೆಡ್ಡು, ಮೊಟ್ಟೆ ಇಟ್ಟರಂತೆ.

"ನಿಮ್ಮ ವಿಷಯ ತುಂಬಾ ಹೇಳ್ತಿದ್ಲು," ಎಂದರಂತೆ.

"ಏನಂತ?"

"ಮಹಾ ಮೊಂಡ ಅಂತ. ನೀವು ಬರ್ತೀರ ಅಂತ ಕೂದಲು ಕತ್ತರಿಸ್ಕೊಂಡಿದ್ಲು, ಇನ್ನೂ ಎರಡು ತಿಂಗಳು ಇರುವಾಗಲೇ."

ಅವರು ಊರಿಗೆ ಮರಳಿದ ದಿನ ನಾನು ನೋಡಲು ಹೋದೆ. ಪಯಣದ ಬಗ್ಗೆ ಕೇಳಿದೆ. ಸಮಾಧಿಯ ವಿಷಯ ಅವರು ಹೆಚ್ಚು ಆಡಲಿಲ್ಲ. ಅಯೋವಾದಲ್ಲಿ ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಮಾತು ತೆಗೆದರು. ಅಲ್ಲಿ ಹಿಂದಿನ ಮೇಜಿನಲ್ಲಿ ಒಬ್ಬ ಲಾರಿ ಡ್ರೈವರು ಮತ್ತು ಅವನ ಅಕ್ಕ ಚುನಾವಣೆಯ ಬಗ್ಗೆ ಜಗಳ ಆಡುತ್ತಿದ್ದರಂತೆ. ಅಕ್ಕ ಅವನ ತಟ್ಟೆಯಿಂದ ಆಲೂಗಡ್ಡೆ ತೆಗೆದು ತಿನ್ನುತ್ತಲೇ ಬೈಯುತ್ತಿದ್ದಳಂತೆ.

"ನನ್ನ ಊಟ ಯಾವಾಗ್ಲೋ ಮುಗಿದಿತ್ತು," ಎಂದರು ಎಲ್ಡನ್. "ಇನ್ನೊಂದು ಕಾಫಿ ತರಿಸ್ಕೊಂಡೆ. ಅವರಿಬ್ರೂ ಎದ್ದು ಹೋಗೋವರೆಗೂ ಅಲ್ಲೇ ಕೂತಿದ್ದೆ."