ಹದಿನೈದು ದಿನದ ಪಕ್ಷ

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅಂಕೋಲೆಯಲ್ಲಿ ಪಿಯುಸಿಗೆ ಸೇರಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡೆ. ನಮ್ಮ ಕೇರಿಯಲ್ಲಿ ಆ ವಿಷಯ ಓದುವವಳು ನಾನೊಬ್ಬಳೇ. ನನಗೆ ಕೊಂಬು ಬರಲು ಅಷ್ಟೇ ಸಾಕಾಯಿತು.

ಪ್ರೋಗ್ರಾಮಿಂಗ್ ಕಲಿಸುವ ಮೇಡಂ ಕಾರವಾರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪುಸ್ತಕ ಹಿಡಿದರೆ ಇಂಗ್ಲಿಷ್, ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ಕೊಂಕಣಿ. ಲೂಪ್ ಕಲಿಸಿದ ದಿನ ಅವರು ಕನ್ನಡದಲ್ಲಿದ್ದರು. ಒಂದು ಕೆಲಸವನ್ನು ಎಷ್ಟು ಸಲ ಮಾಡಬೇಕೆಂದು ಒಮ್ಮೆ ಹೇಳಿಬಿಟ್ಟರೆ ಯಂತ್ರ ಅಷ್ಟು ಸಲವೂ ಬೇಸರಿಸದೆ ಮಾಡುತ್ತದೆ, ಅದೇ ಲೂಪ್ ಎಂದರು. ಹಿಂದಿನ ಬೆಂಚಿನ ಹುಡುಗನೊಬ್ಬ, ನಮ್ಮ ಆಯಿ ಬೆಳಿಗ್ಗೆ ನನ್ನನ್ನು ಏಳಿಸುವ ಹಾಗೆ ಎಂದ. ಮೇಡಂ ತಕ್ಷಣ ಕೊಂಕಣಿಗೆ ಹೋದರು.

ಮನೆಗೆ ಉಪಯೋಗವಾಗುವ ಒಂದು ಪ್ರೋಗ್ರಾಂ ಬರೆದು ತರಬೇಕೆಂದು ಅವರು ಹೇಳಿದ್ದು ಎರಡನೇ ವರ್ಷದ ಶುರುವಿನಲ್ಲಿ. ನನ್ನ ಪಕ್ಕದವಳ ಅಪ್ಪ ಕೈಗಾದಲ್ಲಿ ಕೆಲಸಕ್ಕಿದ್ದರು, ಅವಳು ಅಪ್ಪನ ಪಾಳಿಯ ಪಟ್ಟಿ ಮಾಡಿದಳು. ನಾನು ಆರಿಸಿಕೊಂಡದ್ದು ಕಡಲಿನ ಜೊತೆ ದಿನಾ ಏರಿಳಿಯುವ ನಮ್ಮ ನದಿಯ ಇಳಿತದ ಹೊತ್ತು.

ನಮ್ಮ ಕೇರಿಯ ಹೆಂಗಸರು ಗದ್ದೆ ಕೆಲಸವಿಲ್ಲದ ದಿನ ಟೆಂಪೊ ಹತ್ತಿ ಮಂಜಗುಣಿಗೆ ಬಳಚು ಹೆಕ್ಕಲು ಹೋಗುತ್ತಾರೆ. ಗಂಗಾವಳಿಯ ನೀರು ಪೂರ್ತಿ ಇಳಿದಾಗ ಮಾತ್ರ ಮರಳೊಳಗಿನ ಆ ಚಿಪ್ಪುಮೀನು ಕೈಗೆ ಸಿಗುತ್ತದೆ. ಯಾವ ದಿನ ಎಷ್ಟು ಹೊತ್ತಿಗೆ ಇಳಿತ ಎಂಬುದನ್ನು ನನ್ನ ಅಮ್ಮ, ನಾವು ಕರೆಯುವ ಹಾಗೆ ಆಯಿ, ಬೆರಳಿನ ಗೆಣ್ಣು ಎಣಿಸಿ ಹೇಳುತ್ತಿದ್ದಳು, ಉಳಿದವರು ಹೊರಡುತ್ತಿದ್ದರು. ಅಮಾವಾಸ್ಯೆಗೆ ಬೆಳಿಗ್ಗೆಯೂ ಸಂಜೆಯೂ ಐದು ಗಂಟೆ. ಆಮೇಲೆ ತಿಥಿಗೆ ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ತಡ. ಹದಿನೈದಾದಾಗ ಹುಣ್ಣಿಮೆ, ಮತ್ತೆ ಐದು ಗಂಟೆ. ಲೂಪಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಬರೆದೆ. ಪಕ್ಷಕ್ಕೆ ಹದಿನೈದು ದಿನವೆಂದು ಹಿಡಿದು ಇಡೀ ವರ್ಷದ ಇಳಿತವನ್ನು ಲ್ಯಾಬಿನಲ್ಲಿ ಪ್ರಿಂಟ್ ತೆಗೆದೆ. ಮೇಡಂ ನನ್ನ ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗುಡ್ ಎಂದು ಬರೆದರು. ಮೊದಲ ಪಕ್ಷದ ಹೊತ್ತುಗಳನ್ನು ಆಯಿಗೆ ಓದಿ ಹೇಳಿದೆ, ಎಲ್ಲ ಸರಿ ಇದ್ದವು. ಅನ್ನದ ಅಗುಳು ಹಚ್ಚಿ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅದು ಮಳೆಗಾಲ, ನದಿಗೆ ಯಾರೂ ಇಳಿಯುವುದಿಲ್ಲ. ಮಳೆ ನಿಂತ ಮೇಲೂ ಎಲ್ಲರೂ ಆಯಿಯನ್ನೇ ಕೇಳಿದರು, ಕಾಗದ ಗೋಡೆಯಲ್ಲೇ ಉಳಿಯಿತು.

ಜನವರಿಯಲ್ಲಿ ಆಯಿ ತನ್ನ ತಂಗಿಯ ಬಾಣಂತನಕ್ಕೆಂದು ಸುಂಕಸಾಳಕ್ಕೆ ಹೋದಳು. ಆಚೆಮನೆಯ ದೊಡ್ಡಾಯಿ, ಅಂದರೆ ನಮ್ಮ ಸಂಬಂಧಿಯಲ್ಲದಿದ್ದರೂ ಕೇರಿಗೆಲ್ಲ ದೊಡ್ಡಾಯಿ, ನಾಳೆ ಇಳಿತ ಯಾವಾಗ ಎಂದು ಕೇಳುತ್ತ ಬಂದಳು. ಆಯಿ ಇಲ್ಲದಿದ್ದರೇನು, ನಾನಿದ್ದೇನಲ್ಲ. ಗೋಡೆ ನೋಡಿ ಸಂಜೆ ನಾಲ್ಕೂಕಾಲು ಎಂದೆ. ಕಂಪ್ಯೂಟರಿನ ಲೆಕ್ಕ, ನಿಮಿಷವೂ ತಪ್ಪುವುದಿಲ್ಲ ಎಂದು ಕೇಳದೆಯೇ ಸೇರಿಸಿದೆ.

ಮರುದಿನ ನಾಲ್ಕು ಜನ ಹೆಂಗಸರು ಬುಟ್ಟಿ ಹಿಡಿದು ಹೋಗಿ ನೋಡಿದರೆ ಸೊಂಟದ ಮಟ್ಟ ನೀರು. ದಡದಲ್ಲಿ ಕೂತರು, ಕಾದರು. ನೀರು ಇಳಿಯುವಷ್ಟರಲ್ಲಿ ಕೊನೆಯ ಟೆಂಪೊ ಹೊರಟು ನಿಂತಿತ್ತು. ನಾಲ್ಕು ಬುಟ್ಟಿ ಸೇರಿ ಒಂದು ಮನೆಯ ಸಾರಿಗೂ ಸಾಲದಷ್ಟು ಬಳಚು. ದೊಡ್ಡಾಯಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆದರೆ ಅಂದಿನಿಂದ ನನ್ನ ಹೆಸರೇ ಬಿದ್ದುಹೋಗಿ ಬಾವಿಕಟ್ಟೆಯಲ್ಲಿ, ಬಸ್‌ಸ್ಟಾಪಿನಲ್ಲಿ ಎಲ್ಲ ಕಡೆ ನಾನು ಕಂಪ್ಯೂಟರ್ ಆದೆ. ಕಂಪ್ಯೂಟರ್, ಇವತ್ತು ಸೂರ್ಯ ಎಷ್ಟು ಗಂಟೆಗೆ ಮುಳುಗ್ತಾನೆ ಎಂದು ಕೇಳಿ ನಗುವರು. ನನಗೆ ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ. ಆ ನಾಲ್ವರು ಇನ್ನೊಂದೇ ಒಂದು ಸಲ ನನ್ನ ಮಾತು ನಂಬಿ ನದಿಗೆ ಇಳಿಯಬೇಕು, ಬುಟ್ಟಿ ತುಂಬಿಕೊಂಡು ಬರಬೇಕು. ಪರೀಕ್ಷೆಯ ಅಂಕಕ್ಕೂ ನಾನು ಅಷ್ಟು ಹಂಬಲಿಸಿದವಳಲ್ಲ.

ಪ್ರೋಗ್ರಾಮನ್ನು ಹತ್ತು ಸಲ ಓದಿದೆ, ತಪ್ಪು ಸಿಗಲಿಲ್ಲ. ಮೇಡಂ ಕೂಡ ಲೂಪ್ ಸರಿಯಾಗಿದೆ ಎಂದರು. ಆಯಿ ಊರಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಕಾಗದ ಹಿಡಿದು ನಿಂತೆ. ಅವಳು ಅದನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಹಿಡಿದು ಬೆರಳಾಡಿಸಿ ನೋಡಿದಳು.

“ಪಕ್ಷಕ್ಕೆ ಹದಿನೈದೇ ದಿನ ಅಂತ ನಿಂಗೆ ಯಾರು ಹೇಳಿದ್ರು? ಒಂದೊಂದ್ ಪಕ್ಷದಲ್ಲಿ ಒಂದು ತಿಥಿ ಹಾರಿ ಹೋಗ್ತದೆ ಮಗಾ. ಪಂಚಾಂಗ ನೋಡ್ದೆ ಲೆಕ್ಕ ಮಾಡುದಾ?”

ಶಾಲೆಯಲ್ಲಿ ಪಾಡ್ಯ, ಬಿದಿಗೆ, ತದಿಗೆ ಎಂದು ರಾಗವಾಗಿ ಬಾಯಿಪಾಠ ಮಾಡಿದವಳು ನಾನು. ಹದಿನೈದು ತಿಥಿಗೆ ಹದಿನೈದು ದಿನ ಎಂದೇ ತಿಳಿದಿದ್ದೆ. ಹಾರಿಹೋದ ತಿಥಿಗಳಿಗೂ ಒಂದೊಂದು ದಿನ ಎಣಿಸುತ್ತ ಬಂದು ನನ್ನ ಪಟ್ಟಿ ಜನವರಿ ಹೊತ್ತಿಗೆ ಮೂರು ದಿನ ಹಿಂದೆ ಉಳಿದಿತ್ತು. ಆಯಿ ಕ್ಯಾಲೆಂಡರ್ ನೋಡಿ ತಿಥಿ ಓದಿದಳು, ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಲ್ಯಾಬಿನಲ್ಲಿ ಅವನ್ನೆಲ್ಲ ಟೈಪ್ ಮಾಡಿ ಹೊಸ ಪಟ್ಟಿ ತೆಗೆದೆ. ಬರುವ ಭಾನುವಾರ ತದಿಗೆ, ಬೆಳಿಗ್ಗೆ ಏಳೂವರೆಗೆ ಇಳಿತ.

ಮನೆ ಮನೆಗೆ ಹೋಗಿ ಹೇಳಿದೆ. ಗೋಗರೆದೆ ಅಂದರೂ ಸರಿ. ಆಶ್ಚರ್ಯವೆಂದರೆ ನಾಲ್ವರೂ ಒಂದೇ ಮಾತಿಗೆ ಒಪ್ಪಿದರು. ಭಾನುವಾರ ಆಯಿ, ನಾನು ಸೇರಿ ಆರು ಜನ ಟೆಂಪೊದಿಂದ ಇಳಿದಾಗ ನೀರು ಹಿಂದೆ ಸರಿದು ಮರಳಿನ ದಿಬ್ಬ ಮೇಲೆದ್ದಿತ್ತು. ನಾನು ಕುಣಿಯುವುದೊಂದು ಬಾಕಿ. ಯಾರಾದರೂ ಕಂಪ್ಯೂಟರ್ ಎನ್ನಲಿ ಎಂದು ಕಾದೆ, ಯಾರೂ ಅನ್ನಲಿಲ್ಲ. ದೊಡ್ಡಾಯಿಯ ಬುಟ್ಟಿ ಅರ್ಧ ತುಂಬಿದ ಮೇಲೆ ತಡೆಯಲಾರದೆ ನಾನೇ ಕೇಳಿದೆ, ಈಗ ನಂಬಿಕೆ ಬಂತಾ ಎಂದು.

ದೊಡ್ಡಾಯಿ ಅತ್ತ ಇತ್ತ ನೋಡಿದಳು. “ನಿನ್ ಆಯಿ ಎಲ್ಲಾರಿಗೂ ಮೊನ್ನೇನೇ ಹೇಳಿತ್ತು, ಏಳೂವರೆ ಅಂತ. ನಿಂಗೆ ಹೇಳುದ್ ಬೇಡಾ ಅಂದಿತ್ತು.”

ಸಿಟ್ಟು ನೆತ್ತಿಗೇರಿತು. ನೀರು ಚಿಮ್ಮಿಸುತ್ತ ಆಯಿಯ ಹತ್ತಿರ ಹೋದೆ. ನನ್ನ ಲೆಕ್ಕದ ಮೇಲೆ ಅಷ್ಟೂ ಭರವಸೆ ಇಲ್ಲವೇ ಎಂದು ಜಗಳ ತೆಗೆದೆ. ಅವಳು ಬಗ್ಗಿದಲ್ಲಿಂದ ಏಳಲಿಲ್ಲ. ನಿನ್ನದೂ ನನ್ನದೂ ಒಂದೇ ಹೊತ್ತು ಬಂದಿತ್ತಲ್ಲ, ಇನ್ನೇನು ಎಂದಳು.

“ಬೇರೆ ಬಂದಿದ್ರೆ?”

“ಬೇರೆ ಬಂದಿದ್ರೆ ಹೊರಡೂ ಹೊತ್ತಿಗೆ ನಂಗೆ ಹೊಟ್ಟೆನೋವು ಬರ್ತಿತ್ತು,” ಎಂದಳು ಆಯಿ, ಮರಳಿನೊಳಗೆ ಕೈಯಾಡಿಸುತ್ತಲೇ. “ಸರಿ ಹೊತ್ತು ಆಗೂ ತನಕ.”

ನನಗೆ ನಗು ಬಂತು, ನಗುತ್ತಲೇ ಅವಳ ಪಕ್ಕ ಬಗ್ಗಿ ಮರಳಿಗೆ ಕೈ ಹಾಕಿದೆ. ಅಷ್ಟು ಜನರೆದುರು ಮಗಳ ಮಾತು ಇನ್ನೊಮ್ಮೆ ಸುಳ್ಳಾಗದಿರಲೆಂದು ಆಯಿ ಇಲ್ಲದ ಹೊಟ್ಟೆನೋವನ್ನೂ ಸಿದ್ಧಮಾಡಿಕೊಂಡು ಬಂದಿದ್ದಳು.