ಸ್ಯಾಕ್ಸೋಫೋನಿಗೆ ದೊಡ್ಡಬಳ್ಳಾಪುರದ ಕಡ್ಡಿ

ನಮ್ಮ ಬೀದಿಯವರು ಮೊದಲ ಸಲ ಸ್ಯಾಕ್ಸೋಫೋನ್ ನೋಡಿದಾಗ ಅದನ್ನು ಹುಕ್ಕಾ ಅಂದುಕೊಂಡರು. ನಾನೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಎದುರುಮನೆ ಅಜ್ಜಿಯಂತೂ, ಯಾರೋ ದೊಡ್ಡ ಮನುಷ್ಯರು ಬೆಂಕಿ ಇಲ್ಲದೆ ನಮ್ಮ ಜಗಲಿ ಮೇಲೆ ಸುಮ್ಮನೆ ಕೂತಿದ್ದಾರಲ್ಲ ಎಂದು ಒಲೆಯಿಂದ ಒಂದು ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದೇಬಿಟ್ಟಳು. ವಾದ್ಯ ತಂದಿದ್ದವರು ದಡಕ್ಕನೆ ಎದ್ದು, ಒಂದು ಕೈಯಲ್ಲಿ ವಾದ್ಯವನ್ನು ಹಿಂದಕ್ಕೆಳೆದುಕೊಂಡು ಇನ್ನೊಂದು ಕೈಯಲ್ಲಿ ಅಜ್ಜಿಗೆ ನಮಸ್ಕಾರ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಅವರು ನಗಲಿಲ್ಲ. ಆಮೇಲೆ ಪ್ರತಿ ಸಲ ಬಂದಾಗಲೂ ಮೊದಲು ಆ ಅಜ್ಜಿಯನ್ನೇ ಮಾತಾಡಿಸುತ್ತಿದ್ದರು.

ಗೋವೆ ಕಡೆಯ ಮನುಷ್ಯ, ಬೆಂಗಳೂರು ದಂಡಿನಲ್ಲಿ ವಾಸ. ಯುದ್ಧದ ಕಾಲ ಅದು, ದಂಡಿನ ತುಂಬ ಬಿಳಿ ಸೋಲ್ಜರುಗಳು. ಅವರು ಕುಣಿಯುವ ಕ್ಲಬ್ಬಿನಲ್ಲಿ ಜಾಜ್ ಅನ್ನುವ ಸಂಗೀತ ಊದುವುದು ಇವರ ಕೆಲಸ. ಆದರೆ ಒಂದೇ ಕಡೆ ನಿಲ್ಲುವ ಆಸಾಮಿಯಲ್ಲ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು. ನಾಟಕ ಕಂಪನಿಯವರು ಕರೆದರೆ ಪರದೆಯ ಪಕ್ಕ ಕೂತು ರಾಜ ಬಂದರೆ ಒಂದು ಥರ, ಹಾಸ್ಯಗಾರ ಬಂದರೆ ಇನ್ನೊಂದು ಥರ. ಸರ್ಕಸ್ಸಿನಲ್ಲಿ ಆನೆಯನ್ನೂ ಕುಣಿಸಿದ್ದರಂತೆ. ಲಗ್ನದ ಕಾಲ ಬಂತೆಂದರೆ ಬ್ಯಾಂಡ್ ಸೆಟ್ಟಿನವರ ಜೊತೆ ಊರೂರು ಸುತ್ತುವರು. ನಮ್ಮೂರಿಗೆ ಬಂದದ್ದೂ ಹಾಗೆಯೇ, ರೇಷ್ಮೆ ವ್ಯಾಪಾರಿಯೊಬ್ಬರ ಮಗಳ ಮದುವೆ ಮೆರವಣಿಗೆಗೆ. ಮೆರವಣಿಗೆ ಅರ್ಧ ದಾರಿಯಲ್ಲಿದ್ದಾಗ ವಾದ್ಯ ಬಾಯಿ ಮುಚ್ಚಿಕೊಂಡಿತು.

ಅದರ ಬಾಯಲ್ಲಿ ಬೆರಳುದ್ದದ ಒಂದು ತೆಳು ಕಡ್ಡಿ ಇರುತ್ತದೆ. ಉಸಿರಿಗೆ ಅದು ಅದುರಿದರೆ ನಾದ. ಇಲ್ಲದಿದ್ದರೆ ಅಷ್ಟು ದೊಡ್ಡ ಹಿತ್ತಾಳೆ ನೀರು ತರುವುದಕ್ಕೂ ಆಗದು. ಆ ಕಡ್ಡಿ ಕಡಲಾಚೆಯ ಸೀಮೆಯಿಂದ ಬರಬೇಕಾಗಿತ್ತು, ಯುದ್ಧದಿಂದ ಹಡಗು ನಿಂತಿತ್ತು. ಸೀಳಿಹೋದದ್ದು ಅವರ ಹತ್ತಿರ ಉಳಿದಿದ್ದ ಕೊನೆಯದು. ಬಿದಿರನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆಯುವ ಮುದುಕನೊಬ್ಬ ನೇಕಾರರ ಬೀದಿಯಲ್ಲಿದ್ದಾನೆ ಎಂದು ಯಾರೋ ಹೇಳಿದರಂತೆ. ಮರುದಿನ ಬೆಳಿಗ್ಗೆಯೇ ಒಡೆದ ಕಡ್ಡಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಆ ಮುದುಕ ನಮ್ಮಪ್ಪ. ಮಗ್ಗದ ಹಣಿಗೆ ಕಟ್ಟುವವನು. ಹಾಸಿನ ಎಳೆಗಳು ಒಂದಕ್ಕೊಂದು ತೊಡರಿಕೊಳ್ಳದಂತೆ ಹಲ್ಲುಗಳ ನಡುವೆ ಹಿಡಿದಿಡುವ ದೊಡ್ಡ ಬಾಚಣಿಗೆ ಅದು. ಹಲ್ಲೆಲ್ಲ ಬಿದಿರಿನ ಸೀಳು. ಉಕ್ಕಿನ ಹಣಿಗೆ ಬಂದ ಮೇಲೆ ಅಪ್ಪನನ್ನು ಕೇಳುವವರೇ ಇರಲಿಲ್ಲ. ಆದರೂ ಜಗಲಿ ಮೇಲೆ ಕೂತು, ಹೋಗಿಬರುವವರನ್ನು ಬೈದುಕೊಂಡು, ಯಾರಿಗೂ ಬೇಡದ ಹಲ್ಲು ಹೆರೆಯುತ್ತಿದ್ದ. ಅಮ್ಮ ಆಗಲೇ ತೀರಿಹೋಗಿದ್ದಳು. ನಾನು ಮದುವೆಯಾಗಿ ಎರಡು ಮನೆ ಆಚೆಗಿದ್ದೆ. ದಿನಾ ಬಂದು ಮುದ್ದೆ ತೊಳಸಿಟ್ಟು, ಅಪ್ಪನ ಜೊತೆ ಒಂದು ಜಗಳ ಆಡಿ ಹೋಗುತ್ತಿದ್ದೆ. ಅವನ ಮೂಗಿನ ತುದಿಯ ಕೋಪ ನನಗೂ ಬಂದಿದೆ.

ಅಪ್ಪ ಆ ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ಇದಕ್ಕೆ ಸೀಮೆಗೆ ಹೋಗಬೇಕಾ ಎಂದು ಗೊಣಗಿ ಕತ್ತಿ ಎತ್ತಿಕೊಂಡ. ಮೊದಲನೆಯದು ಮೇಕೆಮರಿಯಂತೆ ಅರಚಿತು. ಎರಡನೆಯದು ಉಸಿರನ್ನೇ ಎತ್ತಲಿಲ್ಲ. ಅವರ ಕ್ಲಬ್ಬಿಗೆ ಸೋಮವಾರ ರಜೆ. ಸೋಮವಾರ ಸೋಮವಾರ, ಪೆಟ್ರೋಲು ಸಿಗದ ಆ ಕಾಲದ ಇದ್ದಲು ಬಸ್ಸಿನಲ್ಲಿ ಮಸಿ ಬಳಿದುಕೊಂಡು ಬರುವರು, ಅಪ್ಪ ಕೊಟ್ಟದ್ದನ್ನು ಊದಿ ನೋಡುವರು, ಇಬ್ಬರೂ ತಲೆ ಆಡಿಸುವರು. ಕೊನೆಗೆ ಅಪ್ಪ ಒಲೆಯ ಮೇಲಿನ ಅಟ್ಟದಿಂದ, ಅಮ್ಮನ ಕಾಲದಿಂದ ಹೊಗೆ ಕುಡಿದು ಕಪ್ಪಾಗಿದ್ದ ಒಂದು ಬಿದಿರನ್ನು ಇಳಿಸಿದ.

ಆ ಕಡ್ಡಿ ಶುರುವಿನಲ್ಲಿ ಒಂಚೂರು ಕೆಮ್ಮಿತು, ಆಮೇಲೆ ದನಿ ಬಿಟ್ಟಿತು. ಹಿಂದಿನ ವಾರ ನಮ್ಮ ಭಜನೆ ಮನೆ ಮುಂದೆ ಹಾದುಹೋಗುವಾಗ ಕಿವಿಗೆ ಬಿದ್ದಿದ್ದ ಹಾಡನ್ನೇ ಅವರು ಎತ್ತಿಕೊಂಡರು. ಎರಡು ಸಾಲು ಭಕ್ತಿಯಿಂದ ಊದಿ, ಮೂರನೆಯದಕ್ಕೆ ಅದನ್ನು ಹೇಗೋ ತಿರುಗಿಸಿ ದಂಡಿನ ಕುಣಿತಕ್ಕೆ ಎಳೆದರು. ಬೀದಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ನಮ್ಮ ಬೀದಿಯಲ್ಲಿ ಹಬ್ಬ, ಸೂತಕ ಬಿಟ್ಟರೆ ಮಗ್ಗ ನಿಲ್ಲಿಸುವವರಿಲ್ಲ. ಕೆಮ್ಮುತ್ತಲ್ಲ, ಇನ್ನೊಂದು ಹೆರೆದುಕೊಡ್ತೀನಿ ಎಂದು ಅಪ್ಪ ಕೈ ಚಾಚಿದ. ಅವರು ಕೊಡಲಿಲ್ಲ.

"ಕೆಮ್ಮಲಿ ಬಿಡಿ ಯಜಮಾನ್ರೆ. ಮನುಷ್ಯ ಇದ್ದಂಗೆ ಇದೆ," ಅಂದರು.

ಅವತ್ತಿನಿಂದ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ಕಡ್ಡಿಗೆ ದೊರೆಗಳು ಕುಣಿಯುತ್ತಾರೆ ಎಂದು ಉಕ್ಕಿನ ಹಣಿಗೆ ಮಾರುವವನ ಅಂಗಡಿಗೇ ಹೋಗಿ ಹೇಳಿ ಬಂದ. ಅವರ ಜೊತೆಯ ವಾದ್ಯಗಾರರೂ ಕಡ್ಡಿ ಕೇಳಿಕೊಂಡು ಬಂದರು. ಅಪ್ಪ ಬೈಯುವುದನ್ನು ಕಡಿಮೆ ಮಾಡಿದ, ನನಗೇ ಬೇಜಾರಾಗುವಷ್ಟು.

ಯುದ್ಧ ಮುಗಿಯುವ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂತು. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವರೇ. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ದಿನಗಟ್ಟಲೆ ತಲೆ ಅಲ್ಲಾಡಿಸದೆ ಮಲಗಿರಬೇಕಾಗಿತ್ತು. ಇವರು ದಿನಾ ಮಧ್ಯಾಹ್ನ ವಾದ್ಯ ತಂದು, ಆ ವಾರ್ಡಿನವರೆಲ್ಲ ಅಲ್ಲಾಡದೆ ಕೇಳುವಂಥದ್ದನ್ನು ಮೆಲ್ಲಗೆ ಊದುತ್ತಿದ್ದರು. ನಗು ಬರಿಸುವಂಥದ್ದು ಊದಿದರೆ ನರ್ಸಮ್ಮ ಬಾಗಿಲು ತೋರಿಸುತ್ತಿದ್ದಳು. ಆದರೂ ಕಣ್ಣು ಸರಿಯಾಗಿ ಬರಲಿಲ್ಲ. ಬೆಳಕು ನೆರಳು ಎರಡೇ ಉಳಿದವು.

ಅಪ್ಪ ಕತ್ತಿ ಬಿಡಲಿಲ್ಲ. ಬೆರಳಲ್ಲೇ ಅಳೆದು ಹೆರೆಯುತ್ತಿದ್ದ. ಆ ಕಡ್ಡಿಗಳು ಒಲೆಗೆ ಹಾಕುವುದಕ್ಕೆ ಚೆನ್ನಾಗಿದ್ದವು. ಅಷ್ಟರಲ್ಲಿ ಅವರ ಹೆಸರೂ ದೊಡ್ಡದಾಗಿತ್ತು, ಬೊಂಬಾಯಿಗೆ ಹೋಗಿ ಗ್ರಾಮಫೋನ್ ಪ್ಲೇಟಿಗೆಲ್ಲ ಊದಿ ಬರುತ್ತಿದ್ದರು. ಆದರೂ ಸೋಮವಾರ ತಪ್ಪಿಸುತ್ತಿರಲಿಲ್ಲ. ಅಪ್ಪನ ಕಡ್ಡಿ ಕೈಗೆ ತೆಗೆದುಕೊಂಡು, ಹೋದ ವಾರದ್ದಕ್ಕಿಂತ ಚೆನ್ನಾಗಿದೆ ಎಂದು ಹೊಗಳಿ, ಊದಿ ತೋರಿಸುತ್ತಿದ್ದರು. ಇದೇನಪ್ಪ ಮಾಯ ಎಂದು ನಾನು ಒಂದು ದಿನ ಅಡುಗೆಮನೆ ಬಾಗಿಲಿಂದ ಕಣ್ಣಿಟ್ಟು ನೋಡಿದೆ. ಅಪ್ಪನ ಕಡ್ಡಿ ಜೇಬಿಗೆ ಹೋಯಿತು, ಕಾಗದದ ಪೊಟ್ಟಣದಿಂದ ಹೊಸ ಸೀಮೆ ಕಡ್ಡಿ ಹೊರಗೆ ಬಂತು. ಹಡಗು ಮತ್ತೆ ಬರತೊಡಗಿತ್ತು.

ಬಸ್ಸಿಗೆ ಹೊರಟವರನ್ನು ಬಾವಿಕಟ್ಟೆ ಹತ್ತಿರ ಅಡ್ಡಹಾಕಿದೆ. ಬೇಡದಿದ್ದರೆ ಬಾಯಿಬಿಟ್ಟು ಹೇಳಬೇಕು, ಕುರುಡನಿಗೆ ಹೀಗೆ ಟೋಪಿ ಹಾಕಬಾರದು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರ ಕನ್ನಡದಲ್ಲಿ ಮನುಷ್ಯರೂ ಮರವೂ ಒಂದೇ.

"ಅಮ್ಮಾ, ಹಡಗು ನಿಂತೋದಾಗ ಯಜಮಾನ್ರು ನನಗೆ ದನಿ ಕೊಡ್ತು. ಈಗ ನಾನು ಬೇಡ ಅಂದ್ರೆ ಕತ್ತಿ ಕೆಳಗೆ ಇಡುತ್ತೆ. ಕತ್ತಿ ಇಟ್ರೆ ಯಜಮಾನ್ರು ಮತ್ತೆ ಎದ್ದೇಳಲ್ಲ."

ನಿಜ. ಅದು ನನಗೂ ಗೊತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು. ಅಪ್ಪನಿಗೆ ಈ ವಿಷಯ ತಿಳಿಯಬಾರದು ಎಂದು ಅಲ್ಲೇ ಇಬ್ಬರೂ ಮಾತಾಡಿಕೊಂಡೆವು. ಆದರೆ ಆ ಪೊಟ್ಟಣ ಬಿಚ್ಚುವಾಗ ಪರಪರ ಎನ್ನುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಒಳಗೆ ಅಮ್ಮನ ಹಿತ್ತಾಳೆ ತಪ್ಪಲೆಯನ್ನು ಎತ್ತಿ ನೆಲಕ್ಕೆ ಕುಟ್ಟುವುದು, ಅಯ್ಯೋ ಕೈ ಜಾರಿತು ಅನ್ನುವುದು. ಸುಮಾರು ಒಂದು ವರ್ಷ ಪ್ರತಿ ಸೋಮವಾರ ನನ್ನ ಕೈ ಜಾರಿತು. ನನ್ನಷ್ಟು ಜಾಣೆ ಬೀದಿಯಲ್ಲೇ ಇಲ್ಲ ಎಂದುಕೊಂಡಿದ್ದೆ.

ಒಂದು ಸೋಮವಾರ ಅವರು ಹೋದ ಮೇಲೆ ಅಪ್ಪ ಕರೆದ.

"ವಾರ ವಾರ ಆ ತಪ್ಪಲೆ ಯಾಕೆ ನಗ್ಗಿಸ್ತೀಯ? ನಿಮ್ಮಮ್ಮ ತವರಿಂದ ತಂದಿದ್ದು ಕಣೇ ಅದು."

ಕೈ ಜಾರುತ್ತಪ್ಪ ಎಂದು ಅದೇ ಸುಳ್ಳು ಹೇಳಿದೆ.

"ಹೋಗಿರೋದು ಕಣ್ಣು, ಕಿವಿಯಲ್ಲ. ನನ್ನ ಕಡ್ಡಿ ಒಂದ್ಸಲ ಕೆಮ್ಮಿ ಶುರು ಮಾಡುತ್ತೆ. ಇದು ತುಪ್ಪದಂಗೆ ಜಾರ್ತದೆ. ಸೀಮೇದು," ಅಂದ.

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಮೊದಲನೇ ದಿನದಿಂದಲೂ ಅಂತೆ. ನನಗೆ ರೇಗಿಹೋಯಿತು. ಮತ್ತೆ ಇಷ್ಟು ದಿನ ಬೆರಳು ಕೊಯ್ದುಕೊಂಡು ಯಾತಕ್ಕೆ ಹೆರೆದೆ ಎಂದು ಕೂಗಾಡಿದೆ. ಅಪ್ಪ ತಡಕಾಡಿ ಬಿದಿರು ಹುಡುಕಿಕೊಂಡ.

"ಅಷ್ಟು ದೂರದಿಂದ ಬಸ್ಸು ಹತ್ತಿ, ನನಗೆ ಸುಳ್ಳು ಹೇಳೋಕೆ ಅಂತಾನೇ ಬರ್ತಾನೆ ಕಣೇ ಆ ಪುಣ್ಯಾತ್ಮ. ನಾನು ಕತ್ತಿ ಇಟ್ಬಿಟ್ರೆ ಅವನು ಯಾವ ನೆಪ ಹೇಳ್ಕೊಂಡು ಬರ್ತಾನೆ?"

ನಾನು ಒಳಗೆ ಹೋಗಿ ಅತ್ತೆ. ಅತ್ತು ಮುಗಿಸಿ ಅಮ್ಮನ ತಪ್ಪಲೆಯನ್ನು ತೊಳೆದು ಮೇಲಿಟ್ಟೆ. ಮುಂದಿನ ಸೋಮವಾರಕ್ಕೆ ಒಂದು ಹಳೇ ತಗಡಿನ ಡಬ್ಬ ಹುಡುಕಿಕೊಂಡೆ. ಅವರು ಬಂದರು, ಅಪ್ಪನ ಕಡ್ಡಿ ಹೊಗಳಿದರು, ಜೇಬಿಗೆ ಕೈ ಹಾಕಿದರು. ಹಿಂದೆಂದೂ ಕುಟ್ಟದಷ್ಟು ಜೋರಾಗಿ ಡಬ್ಬ ಕುಟ್ಟಿದೆ. ಅಪ್ಪ ತಲೆ ಬಗ್ಗಿಸಿಕೊಂಡು ಮೀಸೆಯೊಳಗೇ ನಗುತ್ತಿದ್ದ. ಅವರು ಬಾಗಿಲ ಕಡೆ ತಿರುಗಿ, ಈ ಸಲವೂ ಬಚಾವಾದೆವು ಅನ್ನುವಂತೆ ನನಗೆ ಕಣ್ಣು ಮಿಟುಕಿಸಿದರು.