ಇತ್ತ್ ಅಂದರೆ ಇದೆ

ನನ್ನ ಮೊಮ್ಮಗಳು ದೋಣಿ ಮಾಡುತ್ತಾಳೆ. ಮರದ್ದಲ್ಲ, ಫೈಬರ್ ದೋಣಿ. ಕುಂದಾಪುರದಿಂದ ಬೈಂದೂರಿನವರೆಗೆ ಅವಳಷ್ಟು ನಯವಾಗಿ ಫೈಬರ್ ಕೂರಿಸುವ ಕೈಯನ್ನು ನಾನು ಕಂಡಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಾದರೂ ಈ ಮಾತನ್ನು ಮೊದಲೇ ಬರೆದುಬಿಡಬೇಕು ಅನ್ನಿಸಿತು, ಬರೆದೆ. ಎಂಥ ಖುಷಿ ಗೊತ್ತಾ ಇದನ್ನು ಬರೆಯಲು! ಆದರೆ ಬರೆಯಬೇಕಾಗಿ ಬಂದ ಕತೆ ಖುಷಿಯದ್ದಲ್ಲ.

ನಮ್ಮ ಮನೆ ಯಡ್ತರೆಯಲ್ಲಿ, ಶೆಡ್ಡು ಹೊಳೆಯ ದಂಡೆಯಲ್ಲಿ. ಅಚ್ಚಿನ ಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸಬೇಕು, ಅಂಟು ಹೊಯ್ಯಬೇಕು, ರೋಲರ್ ಆಡಿಸಿ ಒಳಗಿನ ಗಾಳಿ ತೆಗೆಯಬೇಕು. ಹೀಗೆ ಪದರದ ಮೇಲೆ ಪದರ. ಒಂದು ಗುಳ್ಳೆ ಉಳಿದರೂ ಕಡಲು ಅದನ್ನು ಹುಡುಕಿಕೊಂಡು ಬರುತ್ತದೆ. ಮೊಮ್ಮಗಳು ಬ್ರಹ್ಮಾವರದ ಕಡೆ ಎರಡು ವರ್ಷ ಐಟಿಐ ಕಲಿತು ಬಂದು, ಬೇರೆ ಎಲ್ಲೂ ಹೋಗದೆ ನನ್ನ ಶೆಡ್ಡಿಗೇ ಸೇರಿದಳು. ಒಣಗಿದ ಫೈಬರಿನ ಮೇಲೆ ಅಂಗೈ ಆಡಿಸಿ ಗುಳ್ಳೆ ಎಲ್ಲಿದೆ ಎಂದು ಹೇಳಿಬಿಡುತ್ತಾಳೆ.

ಗಾಳಿಯಿಂದ ಕರೆಂಟು ತೆಗೆಯುವ ಯಂತ್ರವನ್ನು ನೀವೂ ಗುಡ್ಡದ ಮೇಲೆ ನೋಡಿರಬಹುದು. ಅದರ ರೆಕ್ಕೆಯೂ ಇದೇ ಫೈಬರು. ಯುರೋಪಿನ ಒಂದು ಚಳಿ ದೇಶದಲ್ಲಿ ಅಂಥ ರೆಕ್ಕೆ ಮಾಡುವ ಕಂಪನಿಯೊಂದು ಭರಭರ ಬೆಳೆಯುತ್ತಿದೆಯಂತೆ, ಕೆಲಸ ಬಲ್ಲ ಕೈಗಳು ಅಲ್ಲಿ ಸಾಲುತ್ತಿಲ್ಲವಂತೆ. ಇವಳು ಅರ್ಜಿ ಹಾಕಿದಳು. ಫೋನನ್ನು ಅಂಟಿನ ಡ್ರಮ್ಮಿನ ಮೇಲೆ ಒರಗಿಸಿಟ್ಟು, ಅವರು ನೋಡುತ್ತಿದ್ದಂತೆ ಒಂದು ದೋಣಿಯ ಮೂತಿ ಪೂರ್ತಿ ಮಾಡಿ ತೋರಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು. ಓಡಿ ಬಂದಳು.

"ಅಜ್ಜ, ಸಿಕ್ತ್!"

"ಎಂತ ಸಿಕ್ತ್?"

"ಕೆಲ್ಸ! ರೆಕ್ಕಿ ಮಾಡುದ್!"

"ಹ್ಞೂಂ. ಆ ಡ್ರಮ್ಮಿನ ಮುಚ್ಚಳ ಹಾಕ್, ಹೆಣೇ. ಅಂಟ್ ಗಟ್ಟಿ ಆತ್ತ್."

ಅಷ್ಟೇ ಹೇಳಿದ್ದು. ಆಮೇಲೆ ಶೆಡ್ಡಿನ ಹಿಂದೆ ಹೋಗಿ, ತೆಂಗಿನ ಮರ ಹಿಡಿದುಕೊಂಡು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಅವಳ ಎದುರು ಮಾತ್ರ ಹಲ್ಲು ಬಿಡಲಿಲ್ಲ. ನೀರಿಗೆ ಇಳಿಯದ ದೋಣಿಯನ್ನು ಹೊಗಳಬಾರದು ಎಂದು ನನ್ನ ಅಪ್ಪಯ್ಯ ಹೇಳುತ್ತಿದ್ದರು, ಕಣ್ಣು ಮುಟ್ಟುತ್ತದೆ. ಮನೆಯ ಮಕ್ಕಳಿಗೂ ನಮ್ಮಲ್ಲಿ ಅದೇ ಲೆಕ್ಕ.

ವೀಸಾಕ್ಕೆ ಐದು ವರ್ಷ ಕೆಲಸ ಮಾಡಿದ ಪುರಾವೆ ಬೇಕಿತ್ತು. ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಹೊಡೆಸಿದಳು. ಶೆಡ್ಡಿನ ಮಾಲಕ ಅಂತ ನಾನು ರುಜು ಹಾಕಿ, ನನ್ನ ಫೋನ್ ನಂಬರ್ ಕೊಟ್ಟೆ.

ಫೋನು ಬಂದಾಗ ನಾನು ಕೋಟದಲ್ಲಿ ಒಬ್ಬರ ಒಡೆದ ದೋಣಿ ನೋಡಿ, ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬೆಂಗಳೂರಿನ ಕಡೆಯ ಹೆಣ್ಣುದನಿ, ಬಹಳ ಮರ್ಯಾದೆಯ ಮಾತು.

"ನಮಸ್ಕಾರ ಸರ್, ವೀಸಾ ದಾಖಲೆ ಪರಿಶೀಲನೆಗೆ ಕರೆ ಮಾಡ್ತಿದ್ದೀವಿ. ನಿಮ್ಮಲ್ಲಿ ಕೆಲಸಕ್ಕಿದ್ದಾರಲ್ಲ, ನಿಮ್ಮ ಮೊಮ್ಮಗಳು, ಅವರಿಗೆ ಕೆಲಸ ಚೆನ್ನಾಗಿ ಬರುತ್ತಾ?"

ಸ್ಟಾಪಿನಲ್ಲಿದ್ದ ಐದಾರು ಜನರ ಕಿವಿಯೂ ನನ್ನ ಫೋನಿನ ಮೇಲೇ ಇತ್ತು. ಹೊಟ್ಟೆಯೊಳಗಿನ ಖುಷಿ ಬಾಯಿಗೆ ಬಂತು. ನುಂಗಿಕೊಂಡೆ.

"ಕೆಲ್ಸ ಎಂತ ಮಣ್ಣ್! ಅದ್ ಸುಮ್ನೆ ನಮ್ಮೊಟ್ಟಿಗ್ ಇತ್ತ್."

"ಏನಂದ್ರಿ ಸರ್? ಇತ್ತಾ?"

"ಹೌದ್ ಮಾರಾಯ್ರೆ, ಇತ್ತ್, ಇತ್ತ್."

"ಆಯ್ತು ಸರ್, ಥ್ಯಾಂಕ್ಯೂ."

ಮೊಮ್ಮಗಳನ್ನು ಐದಾರು ಜನರ ಕಣ್ಣಿನಿಂದ ಕಾಪಾಡಿದೆ ಎಂದು ಬೀಗುತ್ತಾ ಬಸ್ಸು ಹತ್ತಿದೆ. ಮನೆಯಲ್ಲೂ ಹೇಳಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಾವು ಮನೆಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದ 'ಹೆಣೇ' ಎಂದು ಕರೆಯುತ್ತೇವೆ, 'ಅದು' ಅನ್ನುತ್ತೇವೆ. ನಮ್ಮ ಬಾಯಲ್ಲಿ 'ಇತ್ತ್' ಅಂದರೆ ಇದೆ, ಈಗ, ಇಲ್ಲೇ. ಬೆಂಗಳೂರಿನ ಕಿವಿಗೆ 'ಇತ್ತು' ಅಂದರೆ ಮುಗಿದುಹೋದದ್ದು. ಅವಳು ನಮ್ಮ ಜೊತೆಗೇ ಇದ್ದಾಳೆ ಅಂತ ನಾನು ಹೇಳಿದ್ದು, ಹಿಂದೆ ಯಾವಾಗಲೋ ಇದ್ದಳು ಅಂತಾಯಿತು. ಅದರ ಮೇಲೆ 'ಎಂತ ಮಣ್ಣ್' ಬೇರೆ. ಅದಕ್ಕೆ ಯಾವ ಊರಿನಲ್ಲೂ ಬೇರೆ ಅರ್ಥವಿಲ್ಲ.

ಮೂರು ವಾರಕ್ಕೆ ವೀಸಾ ಇಲ್ಲ ಎಂಬ ಪತ್ರ ಬಂತು. ಅವಳು ಶೆಡ್ಡಿನಲ್ಲಿ ನಿಂತು ಇಂಗ್ಲಿಷಿನಲ್ಲಿದ್ದದ್ದನ್ನು ನನಗೆ ಕನ್ನಡ ಮಾಡಿ ಓದಿದಳು. ಅರ್ಜಿದಾರರು ಹಿಂದೆ ಅಲ್ಲಿದ್ದರು, ಈಗ ಇಲ್ಲ. ಇದ್ದಾಗಲೂ ಹೇಳಿಕೊಳ್ಳುವಂಥ ಕೆಲಸ ಮಾಡಿಲ್ಲ ಎಂದು ಮಾಲಕರೇ ತಿಳಿಸಿದ್ದಾರೆ.

"ಅಜ್ಜ, ಅವ್ರಿಗೆ ಎಂತ ಹೇಳ್ದ್ರಿ?"

ಹೇಳಿದ್ದನ್ನು ಹೇಳಿದೆ.

"ಮಣ್ಣ್ ಅಂದ್ರ್ಯಾ?"

"ಕಣ್ಣ್ ಮುಟ್ಟುಕಾಗ ಅಂದೇಳಿ, ಹೆಣೇ..."

"ನನ್ ಕಳ್ಸುಕೆ ಮನ್ಸಿಲ್ದಿದ್ರೆ ಎದ್ರಿಗೇ ಹೇಳ್ಕಿದ್ದಿತ್ತ್. ದೋಣಿ ಅಡಿಗ್ ಕೂಕಂಡ್ ತೂತ್ ಕೊರುದ್ ಎಂತಕ್ಕೆ?"

ಕಾಗದವನ್ನು ಅಲ್ಲೇ ಬಿಟ್ಟು ಹೋದಳು. ನನ್ನ ಎದೆಗೆ ಉಳಿ ಹಾಕಿದ ಹಾಗಾಯಿತು. ಎತ್ತಿ ಆಡಿಸಿದ್ದು ನಾನು, ರೋಲರ್ ಹಿಡಿಯಲು ಕಲಿಸಿದ್ದು ನಾನು. ನಾನು ತೂತು ಕೊರೆದೆ ಅಂತ ಅವಳು ನಂಬಿದಳಲ್ಲ! ವೀಸಾ ಕೊಡದವರು ನನಗೆ ಯಾರೂ ಅಲ್ಲ. ಅವರ ಮೇಲೆ ಸಿಟ್ಟೇ ಬರಲಿಲ್ಲ. ನಂಬಿದವಳ ಮೇಲೆ ಬಂತು. ನಾನೂ ಎರಡು ದಿನ ಮಾತು ಬಿಟ್ಟೆ. ನನ್ನ ಮಗಳು, ಅಂದರೆ ಅವಳ ಅಮ್ಮ, ಗಂಜಿ ಬಡಿಸುವಾಗ ಕುಟುಕಿದಳು:

"ಅಪ್ಪಯ್ಯ, ದೋಣಿಗ್ ಹಾಕುದ್ ಸಾಕ್. ಒಂದ್ ಮ್ಯಾಟ್ ನಿಮ್ ಬಾಯಿಗ್ ಹಾಕಿ, ಮೇಲಿಂದ ಅಂಟ್ ಹೊಯ್ಕ್."

ಕಂಪನಿಯವರು ಜಾಗವನ್ನು ಇನ್ನೊಂದು ತಿಂಗಳು ಮಾತ್ರ ಹಿಡಿದಿಡುತ್ತೇವೆ ಎಂದರು. ಬೆಳೆಯುವ ಕಂಪನಿ, ಯಾರಿಗೂ ಕಾಯುವುದಿಲ್ಲ. ಅಷ್ಟರೊಳಗೆ ಮತ್ತೆ ಅರ್ಜಿ ಹಾಕಬೇಕು, ಮಾಲಕರು ತಾವು ಹೇಳಿದ್ದಕ್ಕೆ ಸ್ವಂತ ಮಾತಿನಲ್ಲಿ ವಿವರಣೆ ಕೊಡಬೇಕು. ಕನ್ನಡದಲ್ಲಿ ಬರೆದರೂ ಆದೀತು, ಕುಂದಾಪುರದಲ್ಲಿ ಇಂಗ್ಲಿಷಿಗೆ ಮಾಡಿಸಬಹುದು ಎಂದು ಮಗಳು ವಿಚಾರಿಸಿಕೊಂಡು ಬಂದಳು. ನಾನು ನೋಟ್ ಪುಸ್ತಕ ತಂದು ಕೂತೆ.

ಬರೆಯಲು ಶುರು ಮಾಡಿದರೆ ಕೈ ನಿಲ್ಲಲಿಲ್ಲ. ಮಳೆಗಾಲದಲ್ಲಿ ಅಂಟು ಒಣಗದೆ ಕಾಡುವಾಗ ಎಷ್ಟಕ್ಕೆ ಎಷ್ಟು ಬೆರೆಸಬೇಕು ಎಂದು ಅವಳು ಕಂಡುಕೊಂಡದ್ದು, ಮೂತಿಯ ತಿರುವಿನಲ್ಲಿ ಮ್ಯಾಟ್ ಸುಕ್ಕಾಗದ ಹಾಗೆ ಹರಿದು ಹರಿದು ಕೂರಿಸುವುದು, ಎಲ್ಲ ಬರೆದೆ. 'ಇದ್ದಾಳೆ' ಎಂದು ಬರೆದೆ, ಒಂದು ಸಲವೂ 'ಇತ್ತ್' ಬರಲಿಲ್ಲ. ಬರೆಯುತ್ತಾ ಬರೆಯುತ್ತಾ, ಬರೆಯಬಾರದು ಅಂದುಕೊಂಡಿದ್ದೂ ಬಂದುಬಿಟ್ಟಿತು.

ಅವಳು ಶೆಡ್ಡಿಗೆ ಸೇರಿದ ಮೊದಲ ವರ್ಷ. ಬೈಂದೂರಿನ ಒಬ್ಬರ ದೋಣಿ ನೀರಿಗಿಳಿಯಲು ತಯಾರಾಗಿತ್ತು. ಇವಳು ಅಡಿಯಲ್ಲಿ ಅಂಗೈ ಆಡಿಸಿ, "ಅಜ್ಜ, ಇಲ್ಲೊಂದ್ ಗುಳ್ಳಿ ಇತ್ತ್" ಅಂದಳು. "ನಿನ್ ತಲಿ. ನಡಿ ಮನಿಗೆ" ಅಂದೆ. ಅವಳು ಹೋದ ಮೇಲೆ ಮನಸ್ಸು ತಡೆಯದೆ ಅಲ್ಲಿ ಕೊರೆದು ನೋಡಿದೆ. ಅಂಗೈಯಗಲ ಟೊಳ್ಳಿತ್ತು. ತುಂಬಿ, ಉಜ್ಜಿ, ಬಣ್ಣ ಹಾಕಿದೆ. ಮರುದಿನ ದೋಣಿಯವರಿಗೆ, "ನಾನೇ ಕಂಡ್ ಹಿಡ್ದೆ, ಇಲ್ದಿದ್ರೆ ಹೊಗಿ ಆತಿದ್ದಿತ್ತ್" ಅಂದೆ. ಅವರು ನನಗೆ ಕೈ ಮುಗಿದರು. ಮೊಮ್ಮಗಳಿಗೆ, ಅಲ್ಲಿ ಏನೂ ಇರಲಿಲ್ಲ ಎಂದೆ.

ಅದನ್ನೂ ಬರೆದು ಪುಸ್ತಕವನ್ನು ಅವಳ ಮುಂದಿಟ್ಟೆ. ಮುಖ ಅರಳಬಹುದು ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಓದುತ್ತಾ ಓದುತ್ತಾ ಒಂದು ಕಡೆ ನಿಂತಳು. ಬೆರಳು ಅಲ್ಲೇ ಇಟ್ಟು ಕೇಳಿದಳು.

"ಅಜ್ಜ, ಇಲ್ಲಿ ಗುಳ್ಳಿ ಇದ್ದದ್ದ್ ಹೌದಾ?"

"ಹೌದ್."

"ನನ್ ಕೈಯೇ ಸುಳ್ಳ್ ಹೇಳತ್ತಾ ಅಂದ್ಕಂಡ್ ಒಂದ್ ವರ್ಷ ಎಲ್ಲಾ ಕೆಲ್ಸನೂ ಎರಡೆರಡ್ ಸಲ ಮುಟ್ಟಿ ಕಂಡಿದೆ." ಬೆರಳು ತೆಗೆಯದೆ ಮತ್ತೆ ಕೇಳಿದಳು. "ಇದ್ಕೂ ಕಣ್ಣ್ ಮುಟ್ಟುದಾ ಅಜ್ಜ?"

ಎರಡು ದಿನ ಹೊತ್ತುಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳು ನನ್ನನ್ನು ನಂಬಲಿಲ್ಲ ಎಂದು ಉರಿಯುತ್ತಿದ್ದವನು ನಾನು. ಆ ವರ್ಷವಿಡೀ ಅವಳು ನನ್ನ ಮಾತನ್ನು ನಂಬಿ, ತನ್ನ ಕೈಯನ್ನೇ ನಂಬದೆ ಕೆಲಸ ಮಾಡಿದ್ದಳು. ಅಪ್ಪಯ್ಯನ ಮಾತನ್ನು ಅಡ್ಡ ಹಿಡಿದುಕೊಂಡು, ಅವಳಿಗೆ ಬರಬೇಕಾದ ಹೆಸರನ್ನು ನಾನು ತಿಂದಿದ್ದೆ.

ಕಾಗದ ಹೋಯಿತು. ವೀಸಾ ಬಂದ ಸುದ್ದಿ ನನಗೆ ಗೊತ್ತಾದದ್ದು ಅವಳಿಂದಲ್ಲ. ಬೈಂದೂರು ಪೇಟೆಯಲ್ಲಿ ಆ ಗುಳ್ಳೆಯ ದೋಣಿಯವರು ರಸ್ತೆಯ ಆಚೆಯಿಂದ ಕೂಗಿದರು:

"ಹ್ವಾಯ್! ಹೆಣ್ಣಿಗ್ ವೀಸಾ ಬಂತಂಬ್ರಲೆ! ನಂಗ್ ಫೋನ್ ಬಂದಿತ್ತ್, ಲಾಯ್ಕ್ ಮಾಡಿ ಹೇಳ್ದೆ. ಅವ್ರೇ ಹೇಳ್ದ್ರ್, ಆ ಗುಳ್ಳಿ ಕಂಡದ್ದ್ ಅದೇ ಅಂಬ್ರ್, ನೀವಲ್ದಂಬ್ರ್!"

ಎರಡನೇ ಅರ್ಜಿಯಲ್ಲಿ ವಿಚಾರಿಸಲು ಅವಳು ಕೊಟ್ಟದ್ದು ಅವರ ನಂಬರು. ನಾಚಿಕೆಯೂ ಆಯಿತು, ನೋವೂ ಆಯಿತು, ಅವೆರಡರ ಮೇಲೆ ಖುಷಿ ಹೊಳೆಯ ಹಾಗೆ ಉಕ್ಕಿ ಬಂತು. ಸಿಕ್ಕಿದ ಬಸ್ಸು ಹತ್ತಿ, ಡ್ರೈವರಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಗೆ ಹೇಳಿದೆ. ನನ್ನ ಮೊಮ್ಮಗಳ ಕೈಗೆ ಸಮ ಇಲ್ಲ ಎಂದೆ. ಯಾರ ಕಣ್ಣು ಬೇಕಾದರೂ ಬೀಳಲಿ.

ಮನೆಗೆ ಬಂದಾಗ ಅವಳು ಸ್ವೆಟರು ಮಡಚುತ್ತಿದ್ದಳು.

"ನನ್ ನಂಬರ್ ಎಂತಕ್ ಕೊಡ್ಲಿಲ್ಲೆ?" ಎಂದು ಕೇಳಿಯೇಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ನಿಮ್ ಕಾಗ್ದ ಕಳ್ಸಿದೆ ಅಲ್ದಾ ಅಜ್ಜ. ಬಾಯಿ ಮಾತ್ರ ಬ್ಯಾರೆಯವ್ರದ್ ತಕಂಡೆ."